ಸೂಜಿ ಚುಚ್ಚದೆ ಯಕೃತ್ತಿನ ಗಡಸುತನ ಅಳೆಯುವುದು ಹೇಗೆ?

ಕೊಬ್ಬು, ಮದ್ಯ ಅಥವಾ ಹೆಪಟೈಟಿಸ್ ವೈರಸ್‌ನಿಂದ ವರ್ಷಗಟ್ಟಲೆ ಪೆಟ್ಟು ತಿಂದ ಯಕೃತ್ತಿನಲ್ಲಿ ನಾರಿನಂತಹ ಅಂಗಾಂಶ ಕೂಡುತ್ತಾ ಹೋಗಿ, ಮೆತ್ತಗಿದ್ದ ಅಂಗ ಗಟ್ಟಿಯಾಗುತ್ತದೆ. ವೈದ್ಯರು ಫೈಬ್ರೋಸಿಸ್ ಎನ್ನುವುದು ಇದನ್ನೇ. ಇದರ ಹಂತ ತಿಳಿಯಲು ಬಹುಕಾಲ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಗತಿಯಾಗಿತ್ತು. ಆದರೆ ಸೂಜಿಗೆ ಸಿಗುವ ಚೂರು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು ಮಾತ್ರ. ಮೇಯೊ ಕ್ಲಿನಿಕ್‌ನ ಸಂಶೋಧಕರು 1995ರಲ್ಲಿ ವಿವರಿಸಿದ, ಎಂಆರ್‌ಐ ಯಂತ್ರದಲ್ಲಿ ಕಂಪನದ ಅಲೆಗಳ ಚಿತ್ರ ತೆಗೆಯುವ ಎಂಆರ್ ಎಲಾಸ್ಟೋಗ್ರಫಿ ವಿಧಾನವು ಯಕೃತ್ತಿನ ಬಹುಭಾಗದ ಗಡಸುತನವನ್ನು ಹೊರಗಿನಿಂದಲೇ ಅಳೆಯುತ್ತದೆ.

ಮೊದಲ ಹೆಜ್ಜೆ ಉಪವಾಸ. ಊಟವಾದ ಮೇಲೆ ಯಕೃತ್ತಿಗೆ ಹರಿಯುವ ರಕ್ತ ಹೆಚ್ಚಿ ಗಡಸುತನವೂ ಏರುವುದರಿಂದ, ಪರೀಕ್ಷೆಗೆ ಮುಂಚೆ 4ರಿಂದ 6 ತಾಸು ಏನನ್ನೂ ತಿನ್ನಬಾರದು. ಪೇಸ್‌ಮೇಕರ್ ಅಥವಾ ದೇಹದೊಳಗೆ ಬೇರೆ ಲೋಹದ ಸಾಧನವಿದ್ದರೆ ಮೊದಲೇ ತಿಳಿಸಬೇಕು.

ಅಂಗಾತ ಮಲಗಿದವರ ಬಲ ಪಕ್ಕೆಲುಬುಗಳ ಮೇಲೆ, ಯಕೃತ್ತಿಗೆ ನೇರವಾಗಿ, ಚಿಕ್ಕ ತಮಟೆಯಂತಹ ಪ್ಲಾಸ್ಟಿಕ್ ಬಿಲ್ಲೆಯೊಂದನ್ನಿಟ್ಟು ಪಟ್ಟಿಯಿಂದ ಬಿಗಿಯುತ್ತಾರೆ. ಕೋಣೆಯ ಹೊರಗಿನ ಯಂತ್ರದಿಂದ ಕೊಳವೆಯ ಮೂಲಕ ಬರುವ ಗಾಳಿಯ ಒತ್ತಡ ಆ ಬಿಲ್ಲೆಯನ್ನು ಸೆಕೆಂಡಿಗೆ 60 ಬಾರಿ ನಡುಗಿಸುತ್ತದೆ. ಗುರ್ ಎನ್ನುವ ಆ ಕಂಪನ ಪಕ್ಕೆಗೆ ತಾಗುವುದು ಗೊತ್ತಾಗುತ್ತದೆ, ಆದರೆ ನೋವಿರುವುದಿಲ್ಲ. ಬಿಲ್ಲೆ ಸಡಿಲವಾಗಿದ್ದರೆ ಅಲೆ ಒಳಗೆ ಇಳಿಯುವುದೇ ಇಲ್ಲ. ಉಳಿದ ಶ್ರಮವೆಲ್ಲ ವ್ಯರ್ಥ.

ನಂತರ ಉಸಿರು ಹೊರಬಿಟ್ಟು, ಅಲ್ಲೇ ಹಿಡಿದುಕೊಳ್ಳುವಂತೆ ಹೇಳುತ್ತಾರೆ. ಒಂದೊಂದು ಸಲವೂ ಸುಮಾರು 15 ಸೆಕೆಂಡು, ಸಾಮಾನ್ಯವಾಗಿ ನಾಲ್ಕು ಬಾರಿ; ಆಗಲೇ ಯಂತ್ರ ಅಲೆಗಳ ಚಿತ್ರ ತೆಗೆಯುತ್ತದೆ. ಉಸಿರು ಎಳೆದುಕೊಂಡು ಹಿಡಿಯುವುದೇ ಸುಲಭವೆನಿಸಿದರೂ, ಬಿಟ್ಟ ಸ್ಥಿತಿಯಲ್ಲಿ ಯಕೃತ್ತು ಪ್ರತಿ ಬಾರಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಚಿತ್ರ ಸ್ಪಷ್ಟವಾಗಿಸುವ ಕಾಂಟ್ರಾಸ್ಟ್ ಔಷಧದ ಚುಚ್ಚುಮದ್ದು ಇದಕ್ಕೆ ಬೇಕಿಲ್ಲ.

ಅಲೆಗಳ ಚಿತ್ರ ನೋಡುವಂತಹದು: ಮೆತ್ತನೆಯ ಯಕೃತ್ತಿನಲ್ಲಿ ಕೆಂಪು–ನೀಲಿ ಪಟ್ಟೆಗಳು ಒತ್ತೊತ್ತಾಗಿ ಕಾಣುತ್ತವೆ, ಗಟ್ಟಿಯಾದಲ್ಲಿ ಅಲೆ ವೇಗವಾಗಿ ಸಾಗುವುದರಿಂದ ಅವೇ ಪಟ್ಟೆಗಳು ಅಗಲವಾಗುತ್ತವೆ. ಕಂಪ್ಯೂಟರ್ ಇದನ್ನು ಗಡಸುತನದ ನಕ್ಷೆಯಾಗಿಸಿದ ಮೇಲೆ, ರೇಡಿಯಾಲಜಿಸ್ಟ್ ದೊಡ್ಡ ರಕ್ತನಾಳ, ಪಿತ್ತಕೋಶ ಮತ್ತು ಅಂಚುಗಳನ್ನು ಬಿಟ್ಟು, ಅಲೆ ಸ್ಪಷ್ಟವಾಗಿರುವ ಜಾಗದಲ್ಲಷ್ಟೇ ಅಳತೆ ತೆಗೆಯುತ್ತಾರೆ.

60 ಹರ್ಟ್ಸ್ (ಸೆಕೆಂಡಿಗೆ 60 ಬಾರಿ) ಕಂಪನದಲ್ಲಿ ಗಡಸುತನದ ಅಳತೆ 2.5 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ಸಾಮಾನ್ಯ, 5ನ್ನು ದಾಟಿದರೆ ತೀವ್ರ ಫೈಬ್ರೋಸಿಸ್ ಅಥವಾ ಅದರ ಕೊನೆಯ ಹಂತವಾದ ಸಿರೋಸಿಸ್‌ನ ಸೂಚನೆ. ನಡುವಿನ ಅಂಕಿಗಳಲ್ಲಿಯೇ ವೈದ್ಯರ ವಿವೇಚನೆಗೆ ಕೆಲಸ ಹೆಚ್ಚು. ಏಕೆಂದರೆ ಯಂತ್ರ ಅಳೆಯುವುದು ಗಡಸುತನವನ್ನೇ ಹೊರತು ನಾರನ್ನಲ್ಲ. ಉರಿಯೂತ, ಪಿತ್ತರಸದ ತಡೆ, ಹೃದಯದ ತೊಂದರೆಯಿಂದ ಯಕೃತ್ತಿನಲ್ಲಿ ರಕ್ತ ಕಟ್ಟಿಕೊಳ್ಳುವುದು ಕೂಡ ಅಂಕಿಯನ್ನು ಏರಿಸಬಲ್ಲವು. ಕಬ್ಬಿಣಾಂಶ ವಿಪರೀತವಾಗಿದ್ದರೆ ಚಿತ್ರದ ಸಂಕೇತವೇ ಕುಗ್ಗಿ ಅಳತೆ ಸಿಗದೆ ಹೋಗಬಹುದು. ಆಗ ಬೇರೆ ಬಗೆಯ ಸೀಕ್ವೆನ್ಸ್ (ಎಂಆರ್‌ಐ ಚಿತ್ರ ತೆಗೆಯುವ ಕ್ರಮ) ಬಳಸಿ ನೋಡುತ್ತಾರೆ. ಅಲ್ಟ್ರಾಸೌಂಡ್‌ನಿಂದ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ವರದಿಯೂ ಕಿಲೋಪ್ಯಾಸ್ಕಲ್‌ನಲ್ಲೇ ಇರುತ್ತದಾದರೂ ಅದರ ಲೆಕ್ಕಾಚಾರ ಬೇರೆಯಾದ್ದರಿಂದ ಎರಡೂ ಅಂಕಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಬಾರದು. ಮುಂದಿನ ಪರೀಕ್ಷೆಯನ್ನೂ ಇದೇ ವಿಧಾನದಲ್ಲಿ, ಇದೇ ರೀತಿ ಉಪವಾಸವಿದ್ದು ಮಾಡಿಸಬೇಕು.