ಕರೆಂಟ್ ಹೋದಾಗ ಲಿಫ್ಟ್ ಮಹಡಿ ಸೇರಬೇಕು: ಎಆರ್‌ಡಿ ಜೋಡಣೆಯ ನನ್ನ ಅನುಭವ

ಬೆಂಗಳೂರಿನ ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟುಗಳಲ್ಲಿ ನನಗೆ ಹೆಚ್ಚಾಗಿ ಸಿಗುವುದು ಒಂದೇ ಬಗೆಯ ಲಿಫ್ಟು: ಎಂಟು ಜನ, 544 ಕೆಜಿ, ಟೆರೇಸಿನ ಮೇಲೆ ಮಷೀನ್ ರೂಮು, ಗೇರ್ ಇರುವ 5 ಎಚ್‌ಪಿ ಮೋಟರು, ಮೋಟರಿನ ವೇಗ ನಿಯಂತ್ರಿಸುವ ವಿಎಫ್‌ಡಿ ಪ್ಯಾನಲ್. ಇದಕ್ಕೆ ಎಆರ್‌ಡಿ, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ಕ್ಯಾಬಿನ್ನನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಸಾಧನ, ಹಾಕುವಾಗ ಎಲ್ಲರೂ ಕೇಳುವುದು ಬ್ಯಾಟರಿ ಎಷ್ಟು ಎಎಚ್ (ಆಂಪಿಯರ್-ಅವರ್, ಅಂದರೆ ಅದು ಹಿಡಿಯುವ ಚಾರ್ಜು) ಎಂದು. ಎಎಚ್ ಇಲ್ಲಿ ದೊಡ್ಡ ವಿಷಯವೇ ಅಲ್ಲ.

ಲೆಕ್ಕ ಹಾಕಿ ನೋಡಿ. ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಕೌಂಟರ್‌ವೇಟಿನ ತೂಕ ಕ್ಯಾಬಿನ್ ತೂಕದ ಜೊತೆಗೆ ಅರ್ಧ ಲೋಡಿನಷ್ಟಿರುತ್ತದೆ. ಹಾಗಾಗಿ ಎರಡೂ ಕಡೆಯ ತೂಕದ ವ್ಯತ್ಯಾಸ ಹೆಚ್ಚೆಂದರೆ 272 ಕೆಜಿ. ಎಆರ್‌ಡಿ ಲಿಫ್ಟನ್ನು ಸೆಕೆಂಡಿಗೆ ಸುಮಾರು 0.1 ಮೀಟರ್ ವೇಗದಲ್ಲಿ ತೆವಳಿಸುತ್ತದೆ. ಭಾರದ ವಿರುದ್ಧ ಎಳೆದರೂ ಬೇಕಾಗುವುದು 270 ವ್ಯಾಟ್, ಗೇರಿನಲ್ಲಿ ಅರ್ಧ ನಷ್ಟವಾದರೆ 540. ಬ್ರೇಕ್ ಕಾಯಿಲು, ಬಾಗಿಲಿನ ಮೋಟರು, ಪ್ಯಾನಲ್ ಎಲ್ಲ ಸೇರಿದರೆ 900 ವ್ಯಾಟ್ ಒಳಗೇ. ಮಹಡಿ ಎತ್ತರ 3 ಮೀಟರ್ ಇದ್ದರೆ ಅರ್ಧ ನಿಮಿಷದ ಕೆಲಸ. 12 ವೋಲ್ಟ್, 7 ಎಎಚ್‌ನ ನಾಲ್ಕು ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ ಸೀಲ್ಡ್) ಬ್ಯಾಟರಿಗಳಲ್ಲಿ ಕಾಗದದ ಮೇಲೆ 336 ವ್ಯಾಟ್-ಅವರ್ ಇದೆ, ಒಂದು ಸಲಕ್ಕೆ ಖರ್ಚಾಗುವುದು ಹತ್ತರ ಒಳಗೇ. ಆದರೆ ಆ ಅರ್ಧ ನಿಮಿಷದಲ್ಲಿ 20 ಆಂಪಿಯರ್ ಎಳೆಯಬೇಕು. ಹಳೆಯ ಬ್ಯಾಟರಿ ಸೋಲುವುದು ಅಲ್ಲೇ.

ಮಲ್ಟಿಮೀಟರ್ ಇಟ್ಟರೆ ನಾಲ್ಕೂ ಬ್ಯಾಟರಿ 12.7 ತೋರಿಸುತ್ತವೆ, ಪ್ಯಾನಲ್ ಮೇಲೆ ಹಸಿರು ದೀಪವೂ ಉರಿಯುತ್ತಿರುತ್ತದೆ. ಮೀಟರನ್ನು ಒಂದೊಂದೇ ಬ್ಯಾಟರಿಗೆ ಹಿಡಿದುಕೊಂಡು ಎಆರ್‌ಡಿ ಓಡಿಸಿ ನೋಡಿ. ಮೂರು 12ರ ಆಸುಪಾಸಿನಲ್ಲೇ ನಿಲ್ಲುತ್ತವೆ, ನಾಲ್ಕನೆಯದು 8ಕ್ಕೆ ಕುಸಿಯುತ್ತದೆ. ಬ್ರೇಕ್ ಪೂರ್ತಿ ಎತ್ತದೆ ಟಕಟಕ ಎಂದು ಬಡಿದುಕೊಳ್ಳುತ್ತದೆ, ಮೋಟರು ಹಿಡಿದ ಬ್ರೇಕಿನ ಮೇಲೇ ತಿರುಗಲು ನೋಡುತ್ತದೆ, ಲೈನಿಂಗ್ ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಲೋ ಬ್ಯಾಟರಿ ಎಂದು ಟ್ರಿಪ್. ಲೋಡಿನಲ್ಲಿ ಒಂದೇ ಒಂದು ಬ್ಯಾಟರಿ 10.5ಕ್ಕಿಂತ ಕೆಳಗಿಳಿದರೂ ನಾನು ನಾಲ್ಕನ್ನೂ ಬದಲಾಯಿಸುತ್ತೇನೆ. ಹಳೆಯ ಮೂರರ ಜೊತೆ ಹೊಸದೊಂದನ್ನು ಸೇರಿಸಿದರೆ ಚಾರ್ಜು ಸಮನಾಗಿ ಹಂಚಿಕೆಯಾಗದೆ ಹೊಸದೂ ಬೇಗ ಹೋಗುತ್ತದೆ. ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಬ್ಯಾಟರಿ ಮೇಲೇ ಬರೆಯಿರಿ.

ಬ್ಯಾಟರಿಯನ್ನು ಕೊಲ್ಲುವುದು ಟೆರೇಸಿನ ಬಿಸಿಲು. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯಸ್ಸು ಸರಿಸುಮಾರು ಅರ್ಧವಾಗುತ್ತದೆ. ಜಾಗ ಉಳಿಯಲೆಂದು ಬ್ಯಾಟರಿ ಪೆಟ್ಟಿಗೆಯನ್ನು ವಿಎಫ್‌ಡಿಯ ಬಿಸಿಯಾಗುವ ಬ್ರೇಕಿಂಗ್ ರೆಸಿಸ್ಟರ್ ಪಕ್ಕದಲ್ಲಿ ಇಡುವವರಿದ್ದಾರೆ, ದಯವಿಟ್ಟು ಬೇಡ. ನೆಲದ ಹತ್ತಿರ, ಗಾಳಿಯಾಡುವ ಕಡೆ ಸ್ಟ್ಯಾಂಡ್ ಮೇಲಿಡಿ. ಫ್ಲೋಟ್ ವೋಲ್ಟೇಜು (ಬ್ಯಾಟರಿಯನ್ನು ಸದಾ ಚಾರ್ಜಿನಲ್ಲಿಡುವ ವೋಲ್ಟೇಜು) ನಾಲ್ಕಕ್ಕೂ ಸೇರಿ 54ರಿಂದ 55 ಇರಲಿ. ವೈರು 4 ಸ್ಕ್ವೇರ್ ಎಂಎಂ, ಲಗ್ ಸರಿಯಾಗಿ ಕ್ರಿಂಪ್ ಆಗಿರಬೇಕು. ಬ್ಯಾಟರಿ ಪಾಸಿಟಿವ್‌ಗೆ ಡಿಸಿ ರೇಟಿಂಗ್ ಇರುವ ಎಂಸಿಬಿಯನ್ನೇ ಹಾಕಿ, ಮನೆಯ ಎಸಿ ಎಂಸಿಬಿಯನ್ನು ನಂಬಿ ಡಿಸಿ ಕಡಿಯಲು ಹೋಗಬಾರದು.

ವೈರಿಂಗಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಮೇನ್ ಐಸೋಲೇಟರ್, ಅಂದರೆ ಲಿಫ್ಟಿನ ಮುಖ್ಯ ಸ್ವಿಚ್ಚಿನ ಹತ್ತಿರ. ಮೆಕ್ಯಾನಿಕ್ ಕೆಲಸಕ್ಕೆಂದು ಐಸೋಲೇಟರ್ ಆಫ್ ಮಾಡಿ ಹಗ್ಗಕ್ಕೆ ಕೈ ಹಾಕುತ್ತಾನೆ. ಎಆರ್‌ಡಿಗೆ ಅದು ಕರೆಂಟ್ ಹೋದಂತೆಯೇ ಕಾಣುತ್ತದೆ, ಎಂಟು ಸೆಕೆಂಡಿಗೆ ಲಿಫ್ಟು ಹೊರಡುತ್ತದೆ. ಕೈ ಹೋಗಬಹುದು, ಜೀವವೂ ಹೋಗಬಹುದು. ಅದಕ್ಕೇ ಐಸೋಲೇಟರಿನ ಆಕ್ಸಿಲರಿ ಕಾಂಟ್ಯಾಕ್ಟನ್ನು (ಅದರ ಜೊತೆಗೇ ಆನ್-ಆಫ್ ಆಗುವ ಚಿಕ್ಕ ಸ್ವಿಚ್ಚು) ಎಆರ್‌ಡಿಯ ಸ್ಟಾರ್ಟ್ ಸರ್ಕ್ಯೂಟಿನಲ್ಲಿ ಸೀರೀಸ್ ಆಗಿ ತರಬೇಕು: ಕೈಯಿಂದ ಆಫ್ ಮಾಡಿದರೆ ಎಆರ್‌ಡಿಯೂ ಸತ್ತಿರಬೇಕು. ಮೆಕ್ಯಾನಿಕ್ ಲಿಫ್ಟನ್ನು ತಾನೇ ಓಡಿಸಿ ಪರೀಕ್ಷಿಸುವ ಇನ್‌ಸ್ಪೆಕ್ಷನ್ ಮೋಡಿನಲ್ಲೂ ಹಾಗೆಯೇ. ಎಆರ್‌ಡಿಗೆ ಬೇರೆ ಸ್ವಿಚ್ಚು, ಅದರ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಎಚ್ಚರಿಕೆಯ ಬೋರ್ಡು ಇರಲಿ.

ಬೆಸ್ಕಾಂ ಲೈನಿಗೂ ಎಆರ್‌ಡಿಯ ಔಟ್‌ಪುಟ್ಟಿಗೂ ನಡುವಿನ ಎರಡು ಕಾಂಟ್ಯಾಕ್ಟರುಗಳಿಗೆ (ಕಾಯಿಲಿನಿಂದ ಆನ್ ಆಗುವ ಸ್ವಿಚ್ಚುಗಳು) ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎರಡೂ ಇಂಟರ್‌ಲಾಕ್ ಬೇಕು, ಅವು ಒಟ್ಟಿಗೆ ಆನ್ ಆಗಬಾರದು. ಲಿಫ್ಟು ಅರ್ಧ ದಾರಿಯಲ್ಲಿದ್ದಾಗ ಕರೆಂಟೋ ಡಿಜಿಯೋ (ಡೀಸೆಲ್ ಜನರೇಟರ್) ಬಂದುಬಿಟ್ಟರೂ ಎಆರ್‌ಡಿ ಮೊದಲು ಮಹಡಿ ಮುಟ್ಟಿಸಿ, ಬಾಗಿಲು ತೆರೆದು, ಆಮೇಲೆಯೇ ಲೈನ್ ಬಿಟ್ಟುಕೊಡಬೇಕು. ಡಿಜಿ ತಾನಾಗಿ ಸ್ಟಾರ್ಟ್ ಆಗುವ ಕಡೆ 15ರಿಂದ 20 ಸೆಕೆಂಡ್ ಕಾಯುವಂತೆ ಇಡುತ್ತೇನೆ, ಇಲ್ಲದ ಕಡೆ 8 ಸಾಕು. ಮೂರು ಫೇಸನ್ನೂ ಎಆರ್‌ಡಿ ನೋಡುತ್ತಿರಬೇಕು. ಒಂದೇ ಫೇಸ್ ಹೋದಾಗ ಮೋಟರು ನಿಂತು, ಎಆರ್‌ಡಿ ಮಾತ್ರ ಕರೆಂಟ್ ಇದೆ ಎಂದುಕೊಂಡು ಸುಮ್ಮನಿದ್ದರೆ ಒಳಗಿನವರು ಒಳಗೇ.

ಹಳೆಯ ಕೊಲಾಪ್ಸಿಬಲ್ ಗೇಟಿನ ಲಿಫ್ಟುಗಳಲ್ಲಿ ರಿಟೈರಿಂಗ್ ಕ್ಯಾಮ್, ಅಂದರೆ ಲಿಫ್ಟು ನಿಂತಾಗ ಚಾಚಿಕೊಂಡು ಮಹಡಿಯ ಬಾಗಿಲಿನ ಲಾಕ್ ಬಿಡಿಸುವ, ಓಡುವಾಗ ಕಾಯಿಲು ಒಳಗೆಳೆದುಕೊಳ್ಳುವ ಭಾಗ, ಮರೆತುಹೋಗುತ್ತದೆ. ಓಡುವಾಗ ಕ್ಯಾಮಿನ ಕಾಯಿಲಿಗೂ ಎಆರ್‌ಡಿಯಿಂದಲೇ ಸಪ್ಲೈ ಬೇಕು. ಇಲ್ಲದಿದ್ದರೆ ಕ್ಯಾಮ್ ಚಾಚಿಕೊಂಡೇ ಇದ್ದು, ದಾರಿಯಲ್ಲಿ ಸಿಕ್ಕ ಲಾಕಿನ ರೋಲರನ್ನು ತಳ್ಳಿ, ಸೇಫ್ಟಿ ಸರ್ಕ್ಯೂಟ್ ಕಡಿದು, ಲಿಫ್ಟು ಮಹಡಿಗೆ ಗೇಣು ದೂರದಲ್ಲಿ ನಿಲ್ಲುತ್ತದೆ. ಆಗ ಕೆಲವರು ಡೋರ್ ಲಾಕಿನ ಕಾಂಟ್ಯಾಕ್ಟನ್ನು ಜಂಪರ್ ವೈರಿನಿಂದ ಬೈಪಾಸ್ ಮಾಡಿ ‘ಸರಿ’ ಮಾಡುತ್ತಾರೆ. ಬಾಗಿಲು ತೆರೆದಿರುವಾಗಲೂ ಲಿಫ್ಟು ಓಡಬಹುದಾದ ಸ್ಥಿತಿ ಅದು. ಎಆರ್‌ಡಿ ಓಡುವಾಗಲೂ ಸೇಫ್ಟಿ ಸರ್ಕ್ಯೂಟಿನ ಒಂದೊಂದು ಕಾಂಟ್ಯಾಕ್ಟೂ ಲೆಕ್ಕಕ್ಕಿರಬೇಕು. ವೇಗ ಮೀರಿದಾಗ ಕೆಲಸ ಮಾಡುವ ಗವರ್ನರ್ ಟ್ರಿಪ್ ಆಗಿದ್ದರೆ, ಕ್ಯಾಬಿನ್ನನ್ನು ಹಳಿಗೆ ಹಿಡಿದು ನಿಲ್ಲಿಸುವ ಸೇಫ್ಟಿ ಗೇರ್ ಕಚ್ಚಿದ್ದರೆ ಎಆರ್‌ಡಿ ಅಲುಗಾಡಬಾರದು. ಅದು ಕಂಪನಿಯವರು ಬಂದು ಬಿಡಿಸಬೇಕಾದ ಕೆಲಸ.

ಒಪ್ಪಿಸುವ ಮೊದಲು ಖಾಲಿ, ಅರ್ಧ, ಪೂರ್ತಿ ಲೋಡು, ಮೂರರಲ್ಲೂ ಎರಡು ಮಹಡಿಗಳ ನಡುವೆ ನಿಲ್ಲಿಸಿ ನೋಡುತ್ತೇನೆ. ಅರ್ಧ ಲೋಡಿಗೆ 50 ಕೆಜಿಯ ಐದು ಸಿಮೆಂಟ್ ಮೂಟೆ ಸಾಕು. ಬ್ರೇಕ್ ಬಿಟ್ಟು ತೂಕದ ವ್ಯತ್ಯಾಸದಿಂದಲೇ ಜಾರುವ ಗೇರ್‌ಲೆಸ್ ಮಷೀನುಗಳಲ್ಲಿ ಈ ಅರ್ಧ ಲೋಡೇ ನಿಜವಾದ ಪರೀಕ್ಷೆ. ಎರಡೂ ಕಡೆ ಸಮವಾದರೆ ಕ್ಯಾಬಿನ್ ಕದಲುವುದೇ ಇಲ್ಲ, ಮೋಟರಿಗೆ ಬ್ಯಾಟರಿಯಿಂದ ಶಕ್ತಿ ಕೊಡುವ ಎಆರ್‌ಡಿಯೇ ಬೇಕಾಗುತ್ತದೆ. ನಿಂತ ಮೇಲೆ ಹೊಸ್ತಿಲಿನಲ್ಲಿ 10 ಮಿಮೀಗಿಂತ ಹೆಚ್ಚು ಏರುಪೇರು ಇದ್ದರೆ ಲೆವೆಲಿಂಗ್ ಸೆನ್ಸರನ್ನು ಮತ್ತೆ ಹೊಂದಿಸುತ್ತೇನೆ, ವಯಸ್ಸಾದವರು ಎಡವುವುದು ಅಲ್ಲೇ.

ಅಸೋಸಿಯೇಷನ್‌ನವರು ತಿಂಗಳಿಗೊಮ್ಮೆ ಮಾಡಬಹುದಾದದ್ದು ಇಷ್ಟು: ಲಿಫ್ಟಿನಲ್ಲಿ ಯಾರೂ ಇಲ್ಲದಾಗ ಮೇಲಿನ ಮಹಡಿಗೆ ಕರೆದು, ಅದು ಓಡುತ್ತಿರುವಾಗಲೇ ಕೆಳಗಿನ ಮೀಟರ್ ಪ್ಯಾನಲ್‌ನಲ್ಲಿ ಲಿಫ್ಟಿನ ಫೀಡರ್ ಆಫ್ ಮಾಡಿ. ಐಸೋಲೇಟರ್ ಮುಟ್ಟಬೇಡಿ. ಬಾಗಿಲು ತೆರೆಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ಎಲ್ಲಿ ನಿಂತಿತ್ತು ಎಂಬುದರ ಮೇಲೆ ಐದಾರು ಸೆಕೆಂಡ್ ಹೆಚ್ಚುಕಮ್ಮಿ ಆಗುತ್ತದೆ. ಆದರೆ ಎರಡು ತಿಂಗಳಿಂದ ಸತತವಾಗಿ ನಿಧಾನವಾಗುತ್ತಿದ್ದರೆ, ಬಾಗಿಲು ಅರ್ಧ ತೆರೆದು ನಿಂತರೆ, ಬ್ಯಾಟರಿ ಮೂರು ವರ್ಷ ತುಂಬುವವರೆಗೆ ಕಾಯದೆ ಅದೇ ವಾರ ಬದಲಾಯಿಸಿ.