ಉಬ್ಬಿದ ಪ್ಲೈವುಡ್ಡಿನಿಂದ ಗ್ರಾಹಕ ಆಯೋಗದವರೆಗೆ: ನನ್ನ ಅನುಭವ

ಮಾಡ್ಯುಲರ್ ಕಿಚನ್ ಮಾಡಿಸಿದವರ ದೂರು ಬಹುತೇಕ "ಕೆಲಸ ಚೆನ್ನಾಗಿಲ್ಲ" ಅಂತಲೇ ಶುರುವಾಗುತ್ತದೆ. ಆಯೋಗದ ಮುಂದೆ ಆ ಮಾತು ನಿಲ್ಲುವುದಿಲ್ಲ. ಕೊಟೇಶನ್‌ನಲ್ಲಿ ಬರೆದದ್ದೇನು, ಮನೆಗೆ ಬಂದದ್ದೇನು ಎಂದು ಪಕ್ಕಪಕ್ಕ ಇಟ್ಟು ತೋರಿಸಿದರೆ ಅದು ಸೇವಾ ನ್ಯೂನತೆ.

ನಾನು ದೂರು ಕಟ್ಟಿದ್ದು ಸಿಂಕ್ ಕೆಳಗಿನ ಪೆಟ್ಟಿಗೆಯೊಂದರ ಮೇಲೆ. ಕೊಟೇಶನ್ ಹೇಳಿದ್ದು ಐಎಸ್ 710, ಅಂದರೆ ನೀರಿಗೆ ತಡೆಯುವ ಬಿಡಬ್ಲ್ಯುಪಿ ದರ್ಜೆಯ ಪ್ಲೈವುಡ್, ಹಾಕಿದ್ದು ಬರೀ ತೇವ ತಾಳುವ ಎಂಆರ್ ದರ್ಜೆಯದು. ಹಲಗೆಯ ದರ್ಜೆ ತಿಳಿಸುವ ಮುದ್ರೆ ಲ್ಯಾಮಿನೇಟ್ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಲ್ಯಾಮಿನೇಟ್ ಹಚ್ಚದ ಹಿಂಬದಿಯಲ್ಲೋ ಬಡಗಿಗಳು ಬಿಟ್ಟುಹೋದ ತುಂಡುಗಳಲ್ಲೋ ಸಿಗುತ್ತದೆ, ಆ ತುಂಡುಗಳನ್ನು ಗುಜರಿಗೆ ಹಾಕಬೇಡಿ. ಪೈಪ್ ತೂರಿಸಲು ಕೊರೆದ ತೂತಿನ ಅಂಚಿಗೆ ಯಾರೂ ಸೀಲಂಟ್ ಹಚ್ಚುವುದಿಲ್ಲ. ನೀರು ಅಲ್ಲಿಂದಲೇ ಒಳಗಿಳಿದು ಪದರ ಬಿಡುತ್ತದೆ. ಆ ಜಾಗಕ್ಕೆ ಸ್ಕೇಲ್ ಹಿಡಿದು ಫೋಟೋ ತೆಗೆದಿಟ್ಟೆ.

ಉಳಿಕೆ ಹಣವನ್ನು ಸುಮ್ಮನೆ ತಡೆಹಿಡಿದರೆ ಕಿಚನ್ ಮಾಡಿಕೊಟ್ಟವರು "ಪೂರ್ತಿ ಪೇಮೆಂಟ್ ಆಗಿಲ್ಲ, ವಾರಂಟಿ ಇಲ್ಲ" ಎನ್ನುತ್ತಾರೆ. ಯಾವ ದೋಷಕ್ಕೆ ಎಷ್ಟು ತಡೆದಿದ್ದೇನೆ, ಸರಿಪಡಿಸಿದ ದಿನವೇ ಕೊಡುತ್ತೇನೆ ಎಂದು ಇಮೇಲ್‌ನಲ್ಲಿ ಬರೆಯಬೇಕು. ಬೇರೆ ಕಾಂಟ್ರಾಕ್ಟರ್‌ನಿಂದ ಬದಲಾವಣೆಯ ಅಂದಾಜುಪಟ್ಟಿ ಲಿಖಿತವಾಗಿ ಪಡೆಯಿರಿ. ಕೇಳುವ ಮೊತ್ತಕ್ಕೆ ಅದೇ ಆಧಾರ. ಮಾನಸಿಕ ಯಾತನೆಗೆ ಹತ್ತು ಲಕ್ಷ ಕೇಳುವವರಿದ್ದಾರೆ, ನನಗಂತೂ ಅದರಿಂದ ದೂರಿನ ತೂಕವೇ ಇಳಿಯುತ್ತದೆ ಅನಿಸುತ್ತದೆ.

ಆಮೇಲೆ 15 ದಿನಗಳ ಗಡುವಿನ ನೋಟಿಸ್, ಸ್ಪೀಡ್ ಪೋಸ್ಟ್‌ನಲ್ಲಿ. ರಸೀದಿ, ಟ್ರ್ಯಾಕಿಂಗ್ ಪ್ರಿಂಟ್ ಎರಡೂ ಕಡತಕ್ಕೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ರಾಜಿಗೆ ಒತ್ತುತ್ತದೆಯೇ ಹೊರತು ಆದೇಶ ಕೊಡುವುದಿಲ್ಲ. ಅಲ್ಲಿ ದೂರು ಬಾಕಿಯಿದ್ದರೂ ಆಯೋಗಕ್ಕೆ ದೂರು ಕೊಡುವ ಎರಡು ವರ್ಷದ ಕಾಲಮಿತಿ ಓಡುತ್ತಲೇ ಇರುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವಿಲ್ಲ. ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. ವಕೀಲರು ಕಡ್ಡಾಯವಲ್ಲ, ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲೇ ಸಲ್ಲಿಸಬಹುದು. ವಾಟ್ಸಾಪ್ ಸಂದೇಶದ ಪ್ರಿಂಟ್ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರಡಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರ ಲಗತ್ತಿಸಿ, ಇಲ್ಲದಿದ್ದರೆ ಎದುರುದಾರರ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಎದುರುದಾರರಿಗೆ ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನು 15. ಅವರು ಬರದೇ ಹೋದರೂ ನೀವು ಅಫಿಡವಿಟ್ ಸಾಕ್ಷ್ಯ ಸಲ್ಲಿಸುವುದು ತಪ್ಪುವುದಿಲ್ಲ. ಆದೇಶವಾದ ಮೇಲೂ ಹಣ ಕೊಡದಿದ್ದರೆ ಅದೇ ಆಯೋಗದಲ್ಲಿ ಕಲಂ 71ರಡಿ ವಸೂಲಿಗೆ, 72ರಡಿ ದಂಡನೆಗೆ ಅರ್ಜಿ ಹಾಕಬೇಕು. ಬಹಳಷ್ಟು ಎದುರುದಾರರು ಚೆಕ್ ಬರೆಯುವುದು 72ರ ನೋಟಿಸ್ ಕೈಸೇರಿದ ಮೇಲೆಯೇ.