ನ್ಯಾಕ್‌ಗೆ ಕಾಲೇಜು ಸಜ್ಜಾಗುವುದು ಹೇಗೆ? ಸ್ವ-ಅಧ್ಯಯನ ಸಮಿತಿಗಳ ಕೆಲಸದ ಹಂತಗಳು

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ (ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು) 2017ರ ಜುಲೈಯಲ್ಲಿ ಜಾರಿಗೆ ತಂದ ಚೌಕಟ್ಟಿನಲ್ಲಿ ಸುಮಾರು ಶೇ 70ರಷ್ಟು ಅಂಕ ನಿರ್ಧಾರವಾಗುವುದು ಕಾಲೇಜು ಆನ್‌ಲೈನ್‌ನಲ್ಲಿ ಸಲ್ಲಿಸುವ ಅಂಕಿ-ಅಂಶ ಹಾಗೂ ದಾಖಲೆಗಳ ಮೇಲೆ. ಅಂದರೆ ನ್ಯಾಕ್ ಕಳಿಸುವ ತಜ್ಞರ ತಂಡವಾದ ಪೀರ್ ಟೀಮ್ ಗೇಟಿನೊಳಗೆ ಕಾಲಿಡುವ ಮೊದಲೇ. ಹಾಗಿದ್ದರೂ ‘ಈ ವರ್ಷ ನ್ಯಾಕ್ ಇದೆ’ ಎಂಬ ಸುದ್ದಿ ಬಂದ ಕೂಡಲೇ ನಮ್ಮ ಬಹಳಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಮೊದಲು ನಡೆಯುವ ಚರ್ಚೆ ಗೋಡೆಗೆ ಬಣ್ಣ ಹೊಡೆಸುವುದರ ಬಗ್ಗೆ. ಸಿದ್ಧತೆ ನಿಜವಾಗಿ ಶುರುವಾಗಬೇಕಾದದ್ದು ಕಚೇರಿಯ ಬೀರುವಿನಿಂದ, ಆ ಬೀರುವಿನಲ್ಲಿರುವ ಐದು ವರ್ಷಗಳ ಕಡತಗಳನ್ನು ಒಟ್ಟಿಗೆ ಕುಳಿತು ಓದುವ ಸಮಿತಿಗಳಿಂದ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1994ರಲ್ಲಿ ಸ್ಥಾಪಿಸಿದ ನ್ಯಾಕ್‌ನ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ನಾಗರಭಾವಿಯಲ್ಲಿ. ಪಠ್ಯಕ್ರಮ, ಬೋಧನೆ-ಕಲಿಕೆ-ಮೌಲ್ಯಮಾಪನ, ಸಂಶೋಧನೆ ಮತ್ತು ವಿಸ್ತರಣೆ, ಮೂಲಸೌಕರ್ಯ, ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ, ಆಡಳಿತ, ಸಾಂಸ್ಥಿಕ ಮೌಲ್ಯಗಳು ಎಂಬ ಏಳು ಮಾನದಂಡಗಳಡಿ ಅದು ಕಾಲೇಜನ್ನು ಅಳೆಯುತ್ತ ಬಂದಿದೆ. ಸಂಯೋಜಿತ ಕಾಲೇಜುಗಳಿಗೆ, ಅಂದರೆ ವಿಶ್ವವಿದ್ಯಾಲಯವೊಂದರ ಅಧೀನದಲ್ಲಿರುವ ಕಾಲೇಜುಗಳಿಗೆ, ನಿಗದಿಯಾದ 1000 ಅಂಕಗಳಲ್ಲಿ 350 ಎರಡನೆಯ ಮಾನದಂಡವೊಂದಕ್ಕೇ ಸೇರಿವೆ. ತರಗತಿಯ ಪಾಠಕ್ಕೆ ಅಷ್ಟು ತೂಕವಿದೆ ಎಂಬುದನ್ನು ಸಮಿತಿಗಳಿಗೆ ಜನರನ್ನು ಹಂಚುವಾಗ ಮರೆಯಬಾರದು. ದರ್ಜೆಗಳ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರಲ್ಲಿ ಪ್ರಕಟಿಸಿದೆ. ಆದ್ದರಿಂದ ಯಾರೋ ಕೊಟ್ಟ ಹಳೆಯ ಪಿಡಿಎಫ್ ನಂಬಿಕೊಳ್ಳದೆ, ನ್ಯಾಕ್ ಜಾಲತಾಣದಲ್ಲಿ ಸಂಯೋಜಿತ ಕಾಲೇಜುಗಳಿಗಾಗಿ ಇರುವ ಇತ್ತೀಚಿನ ಕೈಪಿಡಿಯನ್ನು ಮುದ್ರಿಸಿ, ಪ್ರತಿ ಸಮಿತಿಗೂ ಒಂದೊಂದು ಪ್ರತಿ ಕೊಡುವುದು ಮೊದಲ ಕೆಲಸ.

ಎರಡನೆಯದು ಕಾಲದ ಲೆಕ್ಕ. 2017ರ ಚೌಕಟ್ಟಿನ ಪ್ರಕಾರ, ಕಾಲೇಜು ಐಐಕ್ಯುಎ ಎಂಬ ಪ್ರಾಥಮಿಕ ಅರ್ಜಿ ಸಲ್ಲಿಸಿ ಅದು ಅಂಗೀಕಾರವಾದ ಮೇಲೆ ಸ್ವ-ಅಧ್ಯಯನ ವರದಿಗೆ, ಅಂದರೆ ಎಸ್‌ಎಸ್‌ಆರ್‌ಗೆ, ಸಿಗುವುದು 45 ದಿನ. ಆ 45 ದಿನಗಳು ಅಪ್‌ಲೋಡ್ ಮಾಡುವುದಕ್ಕೂ ತಿದ್ದುವುದಕ್ಕೂ ಸಾಕಾಗುತ್ತವೆಯೇ ಹೊರತು ದಾಖಲೆ ಹುಡುಕುವುದಕ್ಕಲ್ಲ. ಹೀಗಾಗಿ ಸಮಿತಿಗಳು ಕನಿಷ್ಠ ಒಂದು ವರ್ಷ ಮೊದಲೇ ರಚನೆಯಾಗಬೇಕು. ಅರ್ಜಿ ಹಾಕುವ ಮೊದಲು ಉನ್ನತ ಶಿಕ್ಷಣ ಸಮೀಕ್ಷೆಯ ಎಐಎಸ್‌ಎಚ್‌ಇ ಮಾಹಿತಿಯೂ, ಹಿಂದೆ ಮಾನ್ಯತೆ ಪಡೆದ ಕಾಲೇಜಾಗಿದ್ದರೆ ವರ್ಷವರ್ಷದ ಗುಣಮಟ್ಟ ವರದಿಗಳೂ ಸಲ್ಲಿಕೆಯಾಗಿರಬೇಕು.

ಸಮಿತಿಗಳ ನಡುವೆ ಕೊಂಡಿಯಾಗಿ ಇರಬೇಕಾದದ್ದು ಆಂತರಿಕ ಗುಣಮಟ್ಟ ಖಾತರಿ ಕೋಶ, ಎಲ್ಲರ ಬಾಯಲ್ಲೂ ಐಕ್ಯುಎಸಿ. ಪ್ರಾಂಶುಪಾಲರು ಅದರ ಅಧ್ಯಕ್ಷರು. ಹಿರಿಯ ಅಧ್ಯಾಪಕರೊಬ್ಬರು ಸಂಚಾಲಕರು. ಏಳು ಮಾನದಂಡಗಳಿಗೆ ಏಳು ಸಮಿತಿ ಎಂಬುದು ರೂಢಿ. ಹತ್ತು ಹನ್ನೆರಡು ಮಂದಿ ಕಾಯಂ ಅಧ್ಯಾಪಕರಿರುವ ಕಾಲೇಜಿನಲ್ಲಿ ಅದು ಕಷ್ಟ. ಮೂಲಸೌಕರ್ಯ ಮತ್ತು ಆಡಳಿತವನ್ನು ಒಂದೇ ಸಮಿತಿಗೆ ಕೊಟ್ಟು, ಬೋಧನೆಯ ಸಮಿತಿಗೆ ಹೆಚ್ಚು ಜನರನ್ನು ಹಾಕಬಹುದು. ಪ್ರತಿ ಸಮಿತಿಯಲ್ಲೂ ಕಚೇರಿಯ ಒಬ್ಬರು ಇರಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ರಾಜ್ಯ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯ ಪಟ್ಟಿ ಯಾವ ಕಂಪ್ಯೂಟರಿನಲ್ಲಿದೆ, 3 ವರ್ಷಗಳ ಹಿಂದಿನ ಖರೀದಿ ಬಿಲ್ಲು ಯಾವ ಕಡತದಲ್ಲಿದೆ ಎಂಬುದು ಗೊತ್ತಿರುವುದು ಅವರಿಗೆ ಮಾತ್ರ. ಅತಿಥಿ ಉಪನ್ಯಾಸಕರನ್ನೂ ಸೇರಿಸಿಕೊಳ್ಳಬೇಕು. ಪಾಠದ ಹೆಚ್ಚಿನ ಹೊರೆ ಅವರ ಮೇಲಿರುವ ಕಾಲೇಜುಗಳಲ್ಲಿ ಅವರನ್ನು ಹೊರಗಿಟ್ಟು ಬೋಧನೆಯ ಬಗ್ಗೆ ಬರೆದ ಅಧ್ಯಾಯ ಅರೆಬರೆಯಾಗುತ್ತದೆ. ಈ ನೇಮಕಗಳೆಲ್ಲ ಪ್ರಾಂಶುಪಾಲರ ಲಿಖಿತ ಆದೇಶದ ಮೂಲಕವೇ ಆಗಲಿ, ವಾರಕ್ಕೊಂದು ನಿಗದಿತ ಅವಧಿಯೂ ವೇಳಾಪಟ್ಟಿಯಲ್ಲಿ ನಮೂದಾಗಲಿ.

ಸಮಿತಿಯ ಮೊದಲ ತಿಂಗಳು ಬರವಣಿಗೆಗಲ್ಲ, ಓದಿಗೆ ಮೀಸಲಾಗಿರಬೇಕು. ಮಾನದಂಡದಡಿ ಬರುವ ಒಂದೊಂದು ಮೆಟ್ರಿಕ್‌ಗೂ, ಅಂದರೆ ಅಳತೆಯ ಅಂಶಕ್ಕೂ, ಒಂದು ಸಾಲು ಹಾಕಿ, ಏನು ಕೇಳಿದ್ದಾರೆ, ನಮ್ಮಲ್ಲಿ ಏನಿದೆ, ಅದು ಯಾರ ಬಳಿ ಇದೆ, ಐದು ವರ್ಷಗಳಲ್ಲಿ ಯಾವ ವರ್ಷದ್ದು ಇಲ್ಲ ಎಂದು ತುಂಬುತ್ತ ಹೋದರೆ ಕಾಲೇಜಿನ ನಿಜವಾದ ಚಿತ್ರ ತಾನಾಗಿಯೇ ಕಾಣಿಸತೊಡಗುತ್ತದೆ. ಕರ್ನಾಟಕದ ಕಾಲೇಜುಗಳಿಗೆ ಇಲ್ಲಿ ವಿಶೇಷ ತೊಡಕೊಂದಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ, ಐದು ವರ್ಷಗಳ ಮಾಹಿತಿಯಲ್ಲಿ ಬೇರೆ ಬೇರೆ ಪಠ್ಯಕ್ರಮಗಳು ಬೆರೆತಿರುತ್ತವೆ. ಯಾವ ವರ್ಷ ಯಾವ ತಂಡ ಯಾವುದನ್ನು ಓದಿತು ಎಂಬ ಪಟ್ಟಿ ಮೊದಲೇ ಸಿದ್ಧವಿರದಿದ್ದರೆ ಒಂದನೆಯ ಸಮಿತಿ ಮತ್ತು ಎರಡನೆಯ ಸಮಿತಿ ಪರಸ್ಪರ ತಾಳೆಯಾಗದ ಲೆಕ್ಕ ಕೊಡುತ್ತವೆ. ವಿದ್ಯಾರ್ಥಿಗಳ ಸಂಖ್ಯೆಯ ವಿಚಾರವೂ ಹಾಗೆಯೇ. ರಾಜ್ಯದ ವಿಶ್ವವಿದ್ಯಾಲಯ-ಕಾಲೇಜುಗಳ ಆನ್‌ಲೈನ್ ನಿರ್ವಹಣಾ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಒಂದು, ಎಐಎಸ್‌ಎಚ್‌ಇಯಲ್ಲಿ ಇನ್ನೊಂದು, ದಾಖಲಾತಿ ಪುಸ್ತಕದಲ್ಲಿ ಮತ್ತೊಂದು ಸಂಖ್ಯೆ ಇದ್ದರೆ, ಕಾರಣ ಪತ್ತೆ ಹಚ್ಚಿ ಎಲ್ಲ ಸಮಿತಿಗಳೂ ಬಳಸುವ ಒಂದೇ ಮೂಲಪಟ್ಟಿಯನ್ನು ಸಂಚಾಲಕರು ಇಟ್ಟುಕೊಳ್ಳಬೇಕು. ಪದಗಳ ಅರ್ಥವನ್ನೂ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಪೂರ್ಣಾವಧಿ ಅಧ್ಯಾಪಕರೆಂದರೆ ಇಡೀ ಶೈಕ್ಷಣಿಕ ವರ್ಷ, ನಿಗದಿತ ಕೆಲಸದ ಅವಧಿಯ ಕನಿಷ್ಠ ಶೇ 90ರಷ್ಟು ದುಡಿಯುವವರು ಎಂಬುದನ್ನು ಗಮನಿಸದೆ ಅತಿಥಿ ಉಪನ್ಯಾಸಕರನ್ನೆಲ್ಲ ಎಣಿಸಿಬಿಟ್ಟರೆ ಅಥವಾ ಬಿಟ್ಟುಬಿಟ್ಟರೆ, ವಿದ್ಯಾರ್ಥಿ-ಅಧ್ಯಾಪಕ ಅನುಪಾತದಿಂದ ಹಿಡಿದು ಹಲವು ಲೆಕ್ಕಗಳು ತಪ್ಪುತ್ತವೆ.

ನಾನು ಕೆಲಸ ಮಾಡಿದ ಕಾಲೇಜೊಂದರ ಐದನೆಯ ಸಮಿತಿಯಲ್ಲಿ, ಅಂದರೆ ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿಯ ಸಮಿತಿಯಲ್ಲಿ, ಪದವಿ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆಂದು ತಿಳಿಯಲು ಮೂವರು ಕುಳಿತು ಫೋನ್ ಮಾಡುತ್ತಿದ್ದೆವು. ದಾಖಲಾತಿ ಅರ್ಜಿಯಲ್ಲಿದ್ದ ಎಷ್ಟೋ ನಂಬರುಗಳು ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನವರದ್ದು. ಒಂದು ನಂಬರಿಗೆ ತಾಯಿಯೊಬ್ಬರು ಸಿಕ್ಕಿದರು. ಮಗಳು ಗಾರ್ಮೆಂಟ್ಸ್‌ಗೆ ಹೋಗಿದ್ದಾಳೆ, ಸಂಜೆ ಬಂದು ಪರೀಕ್ಷೆಗೆ ಓದುತ್ತಾಳೆ, ‘ಏನಾದರೂ ಕೆಲಸ ಇದೆಯಾ ಮೇಡಂ?’ ಎಂದು ಕೇಳಿದರು. ನಮ್ಮ ನಮೂನೆಯಲ್ಲಿ ಉದ್ಯೋಗದ ಅಂಕಣಕ್ಕೆ ನೇಮಕಾತಿ ಪತ್ರ ಬೇಕಿತ್ತು. ಆ ಮಗಳ ಬಳಿ ಇದ್ದದ್ದು ಕಾರ್ಖಾನೆಯ ಗುರುತಿನ ಚೀಟಿ ಮಾತ್ರ. ಅಂದು ಸಂಜೆ ನಾವು ಎರಡು ಕೆಲಸ ಮಾಡಿದೆವು. ಆ ಚೀಟಿಯ ಪ್ರತಿಯನ್ನು ತರಿಸಿಕೊಂಡು ಕಡತಕ್ಕೆ ಸೇರಿಸಿದೆವು. ಅಂತಿಮ ವರ್ಷದವರ ಅಂಕಪಟ್ಟಿ ವಿತರಿಸುವಾಗಲೇ ಅವರ ಸ್ವಂತ ನಂಬರು, ಇ-ಮೇಲ್ ಮತ್ತು ಮುಂದಿನ ಯೋಜನೆಯನ್ನು ಬರೆಸಿಕೊಳ್ಳುವ ಪುಸ್ತಕವೊಂದನ್ನು ಆರಂಭಿಸಿದೆವು. ಈಗ ಓದುತ್ತಿರುವವರ ಇ-ಮೇಲ್ ವಿಳಾಸಗಳೂ ಸರಿಯಾಗಿರಬೇಕು. ವಿದ್ಯಾರ್ಥಿಗಳ ಸಂತೃಪ್ತಿ ಸಮೀಕ್ಷೆಯ 21 ಪ್ರಶ್ನೆಗಳನ್ನು ನ್ಯಾಕ್ ನೇರವಾಗಿ ಓದುತ್ತಿರುವ ವಿದ್ಯಾರ್ಥಿಗಳಿಗೇ ಕಳಿಸುತ್ತದೆ. ದಾಖಲಾತಿಯ ದಿನವೇ ಸರಿಯಾದ ವಿಳಾಸ ಪಡೆಯದಿದ್ದರೆ ಅವೂ ಸೈಬರ್ ಸೆಂಟರಿಗೇ ಹೋಗುತ್ತವೆ.

ಕೊರತೆಗಳು ಕಂಡ ಹಂತದಲ್ಲಿಯೇ ಸಮಿತಿಗಳು ದಾರಿ ತಪ್ಪುವುದು ಹೆಚ್ಚು. ನಡೆಯದ ಸಭೆಗೆ ನಡಾವಳಿ ಬರೆಯುವುದು, ಹಳೆಯ ದಿನಾಂಕ ಹಾಕಿ ಸಹಿ ಸಂಗ್ರಹಿಸುವುದು ಸುಲಭವೆನಿಸಬಹುದು, ಆದರೆ ಅದು ವಂಚನೆ. ಮಾಹಿತಿ ಪರಿಶೀಲನೆಯಲ್ಲಿ ಒಂದು ದಾಖಲೆ ಸುಳ್ಳೆಂದು ಕಂಡರೆ ಉಳಿದ ನೂರು ದಾಖಲೆಗಳ ಮೇಲೂ ಅನುಮಾನ ಬೀಳುತ್ತದೆ. ಪೋಷಕರ ಸಭೆ ಮೂರು ವರ್ಷ ನಡೆದಿಲ್ಲವೆಂದರೆ ಶೂನ್ಯ ನಮೂದಿಸಿ, ಈ ವರ್ಷ ಸಭೆ ಕರೆಯಿರಿ. ಉಳಿದಿರುವ ಒಂದು ವರ್ಷದಲ್ಲಿ ಮಾಡಿಯೇ ತೀರಬಹುದಾದ ಕೆಲಸಗಳು ಬಹಳಷ್ಟಿವೆ: ಇಳಿಜಾರು ಹಾದಿ, ಮಳೆನೀರು ಸಂಗ್ರಹ, ದೂರು ನಿವಾರಣಾ ಸಮಿತಿಯ ಕ್ರಮಬದ್ಧ ಸಭೆ, ಗ್ರಂಥಾಲಯದ ಗಣಕೀಕರಣ.

ವಿವರಣಾತ್ಮಕ ಮೆಟ್ರಿಕ್‌ಗಳಿಗೆ ಉತ್ತರ ಬರೆಯುವ ಮೊದಲು ಸಮಿತಿಯವರು ಕನ್ನಡದಲ್ಲೇ ಮಾತನಾಡಿ ಹೇಳಬೇಕಾದದ್ದನ್ನು ತೀರ್ಮಾನಿಸಿಕೊಳ್ಳಲಿ. ಇಂಗ್ಲಿಷ್ ಕರಡು ಆಮೇಲೆ. ನೇರವಾಗಿ ಇಂಗ್ಲಿಷಿಗೆ ಇಳಿದರೆ ಬೇರೆ ಕಾಲೇಜುಗಳ ವರದಿಯ ವಾಕ್ಯಗಳೇ ನುಸುಳುತ್ತವೆ. ಏಳನೆಯ ಮಾನದಂಡದ ಎರಡು ಉತ್ತಮ ರೂಢಿಗಳಿಗಾಗಿ ಸಸಿ ನೆಟ್ಟ ಫೋಟೋ ಹುಡುಕುವ ಬದಲು, ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ನಡೆದಿರುವುದನ್ನು ನೋಡಿ. ಕೊನೆಯ ಬಸ್ಸಿಗೆ ಮೊದಲೇ ಹಳ್ಳಿಯ ಹುಡುಗಿಯರು ಮನೆ ಸೇರುವಂತೆ ವೇಳಾಪಟ್ಟಿ ಹೊಂದಿಸಿದ್ದರೆ ಅದೂ ರೂಢಿಯೇ. ಅದರಿಂದ ಹಾಜರಿ ಎಷ್ಟು ಹೆಚ್ಚಿತೆಂದು ಹಾಜರಿ ಪುಸ್ತಕದಿಂದ ತೋರಿಸಿ. ಏಳೂ ಅಧ್ಯಾಯಗಳನ್ನು ಕೊನೆಗೆ ಒಬ್ಬರೇ ಕುಳಿತು ತಿದ್ದಿದರೆ ಸಂಖ್ಯೆಗಳೂ ಧಾಟಿಯೂ ಹೊಂದಿಕೆಯಾಗುತ್ತವೆ.

ವರದಿ ಸಲ್ಲಿಸಿದ ಮೇಲೆ ನಡೆಯುವ ಮಾಹಿತಿ ಪರಿಶೀಲನೆಯ ಪ್ರಶ್ನೆಗಳಿಗೆ ಉತ್ತರಿಸಲು ಸಿಗುವ ಅವಧಿ ಚಿಕ್ಕದು. ಮೆಟ್ರಿಕ್ ಸಂಖ್ಯೆಯನ್ನೇ ಹೆಸರಾಗಿಟ್ಟು ಕಡತಗಳನ್ನು ಜೋಡಿಸಿಟ್ಟಿದ್ದರೆ, ಕೇಳಿದ್ದು ಕೈಗೆ ಸಿಗುತ್ತದೆ. ಪೀರ್ ಟೀಮ್ ಬರುವ ಹೊತ್ತಿಗೆ ವಿದ್ಯಾರ್ಥಿಗಳಿಗೆ ಉತ್ತರ ಕಲಿಸುವ ಗೋಜಿಗೆ ಹೋಗಬೇಡಿ. ವರದಿಯ ಪ್ರತಿಯನ್ನು ಅವರಿಗೂ ಓದಲು ಕೊಡಿ. ತಂಡ ಹಿಂತಿರುಗಿದ ಮೇಲೆ, ಮೊದಲ ತಿಂಗಳು ತುಂಬಿದ ಆ ಕೋಷ್ಟಕವನ್ನು ಬೀರುವಿಗೆ ಸೇರಿಸದೆ, ಅದರಲ್ಲಿ ಖಾಲಿ ಉಳಿದ ಮನೆಗಳನ್ನೇ ಐಕ್ಯುಎಸಿಯ ಮುಂದಿನ ತ್ರೈಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಒಂದೊಂದಾಗಿ ಬರೆದು, ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಮತ್ತು ಒಂದು ದಿನಾಂಕವನ್ನು ನಮೂದಿಸಬೇಕು.